ಚಿಪ್ಪಿನ ಇದ್ದಿಲು, ನಾಲ್ಕು ತಂತಿ, ಒಂದು ಸೊನ್ನೆ

ಅಟ್ಟದ ಮೇಲೆ ಹತ್ತು ತಿಂಗಳೋ ವರ್ಷವೋ ಒಣಗಿದ ಕಾಯಿ ಇಳಿಸಿ, ಮಟ್ಟೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ಈಚೆ ತೆಗೆದರೆ ನಮ್ಮ ತಿಪಟೂರು ಸೀಮೆಯಲ್ಲಿ ಎಲ್ಲರ ಕಣ್ಣೂ ಆ ಕೊಬ್ಬರಿಯ ಮೇಲೆ, ಎಪಿಎಂಸಿಯ ದರದ ಮೇಲೆ. ಚಿಪ್ಪಿಗೆ ಅಂಥ ಮರ್ಯಾದೆ ಇಲ್ಲ. ಒಂದಷ್ಟು ಬಚ್ಚಲೊಲೆಗೆ ಹೋಗುತ್ತದೆ, ಮಿಕ್ಕಿದ್ದು ಚಿಪ್ಪು ಸುಡುವವರ ಟ್ರ್ಯಾಕ್ಟರ್ ಹತ್ತುತ್ತದೆ. ತುರುವೇಕೆರೆ ತಾಲ್ಲೂಕಿನ ನಮ್ಮೂರ ಹೊರಗೂ ಅಂಥದ್ದೊಂದು ಜಾಗ ಇದೆ. ಗುಂಡಿಗೆ ಚಿಪ್ಪು ತುಂಬಿ ಬೆಂಕಿ ಇಡುತ್ತಾರೆ. ಚೆನ್ನಾಗಿ ಹೊತ್ತಿಕೊಂಡ ಮೇಲೆ ತಗಡು ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿ ಗಾಳಿ ಕಟ್ಟುತ್ತಾರೆ. ದಟ್ಟ ಬಿಳಿ ಹೊಗೆ ಬರಬರುತ್ತ ತೆಳುವಾಗಿ ನಿಂತಾಗ ಸುಟ್ಟಿದ್ದು ಸಾಕು ಅಂತ ಲೆಕ್ಕ. ಸುಮಾರು ಮೂರು ಕೆಜಿ ಚಿಪ್ಪಿಗೆ ಒಂದು ಕೆಜಿ ಇದ್ದಿಲು. ಊರಿನವರಿಗೆ ಆ ಹೊಗೆಯ ಮೇಲೆ ತಕರಾರಿದೆ, ನ್ಯಾಯವಾದದ್ದೇ.

“ಇದೆಲ್ಲ ಎಲ್ಲಿಗಪ್ಪ ಹೋಗೋದು?” ಅಂತ ಅಲ್ಲಿ ಮೂಟೆ ಕಟ್ಟುತ್ತಿದ್ದ ಹುಡುಗನನ್ನು ಕೇಳಿದ್ದೆ.

“ತಮಿಳ್ನಾಡಿಗೆ ಸಾ. ಅಲ್ಲಿ ಹಬೆ ಕೊಟ್ಟು ಏನೋ ಮಾಡ್ತಾರಂತೆ. ನೀರು ಸೋಸೋ ಮಿಷನ್ನಿಗೆ, ಚಿನ್ನ ತೆಗೆಯೋಕೆ ಬೇಕಂತೆ.”

ಅವನು ಹೇಳಿದ್ದು ಸರಿ. ಆದರೆ ತೆಂಗಿನ ಇದ್ದಿಲಿಗೆ ಇನ್ನೊಂದು ದಾರಿಯೂ ಉಂಟು. ಅದು ನನ್ನ ಚಾಕರಿಯ ದಾರಿ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಟೆಕ್ನೀಷಿಯನ್ ಆಗಿದ್ದೆ. ಅತಿವಾಹಕಗಳನ್ನು, ಅಂದರೆ ತಣ್ಣಗಾದಾಗ ವಿದ್ಯುತ್ತಿಗೆ ಒಂದಿಷ್ಟೂ ಅಡ್ಡಿ ಮಾಡದ ವಸ್ತುಗಳನ್ನು, ಅಳೆಯುವುದು ಅಲ್ಲಿನ ಕೆಲಸ. ಲೆಕ್ಕ ಹಾಕುವವರು, ಪೇಪರ್ ಬರೆಯುವವರು ಬೇರೆ. ಪಂಪು ಓಡಿಸುವುದು, ನಿರ್ವಾತ ಕಾಯುವುದು, ಕೂದಲಿನಂಥ ತಂತಿ ಬೆಸೆಯುವುದು ನನ್ನ ಪಾಲು. ಈ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನೊಬೆಲ್ ಬಹುಮಾನದ ಪಟ್ಟಿ ಹಿಡಿದು ಹೊರಡುತ್ತಾರೆ. ನಾನು ಇದ್ದಿಲಿನಿಂದ ಹೊರಡುತ್ತೇನೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವರ್ ಅಂತ ಒಬ್ಬ ಮಹಾ ಜಗಳಗಂಟ, ಮಹಾ ಕುಶಲಿ ಇದ್ದ. ನಾವು ಕಾಫಿ ತುಂಬಿಸಿಕೊಂಡು ಹೋಗುವ ಥರ್ಮಾಸ್ ಫ್ಲಾಸ್ಕಿನ ಮೂಲಪುರುಷ ಅವನೇ. 1892ರಲ್ಲಿ ಅವನು ಎರಡು ಗೋಡೆಯ ಗಾಜಿನ ಪಾತ್ರೆ ಮಾಡಿ, ಗೋಡೆಗಳ ನಡುವಿನ ಗಾಳಿ ಹೀರಿ, ದ್ರವ ಗಾಳಿ ಬೇಗ ಆರಿಹೋಗದಂತೆ ಇಟ್ಟ. 1898ರಲ್ಲಿ ಹೈಡ್ರೋಜನ್ನನ್ನೂ ದ್ರವ ಮಾಡಿದ. ಇಷ್ಟಾದರೂ ನಿರ್ವಾತದ್ದೊಂದು ಕಾಟ ಉಳಿದಿತ್ತು. ಪಂಪು ಎಷ್ಟು ಹೀರಿದರೂ ಕೊನೆಯ ಒಂದು ಚೂರು ಗಾಳಿ ಒಳಗೇ ಕೂತಿರುತ್ತದೆ, ಲೋಹದ ಗೋಡೆಯಾದರೆ ದಿನಕಳೆದಂತೆ ಅದರ ಮೈಯಿಂದಲೂ ಅನಿಲ ಬಿಡುತ್ತದೆ. 1904ರ ಸುಮಾರಿಗೆ ಡ್ಯೂವರ್ ಕಂಡುಕೊಂಡ ಉಪಾಯ ತೆಂಗಿನ ಚಿಪ್ಪಿನ ಇದ್ದಿಲು. ಅದನ್ನು ದ್ರವ ಗಾಳಿಯಲ್ಲಿ ತಣಿಸಿದರೆ ಸುತ್ತಲಿನ ಅನಿಲವನ್ನೆಲ್ಲ ಹೀರಿ ಮೈಯೊಳಗೆ ಹಿಡಿದುಕೊಳ್ಳುತ್ತದೆ. ಪಂಪಿಗೆ ಆಗದ್ದು ಒಂದು ಹಿಡಿ ಇದ್ದಿಲಿಗೆ ಆಯಿತು.

ತೆಂಗೇ ಯಾಕೆ? ಸೌದೆ ಇದ್ದಿಲಿನ ರಂಧ್ರಗಳು ದೊಡ್ಡವು. ಚಿಪ್ಪು ಗಟ್ಟಿ, ಒತ್ತಾದ ಕಣ. ಸುಟ್ಟು ಹಬೆ ಕೊಟ್ಟಾಗ ಅದರಲ್ಲಿ ಉಂಟಾಗುವ ರಂಧ್ರಗಳು ಒಂದೆರಡು ನ್ಯಾನೋಮೀಟರ್, ಅಂದರೆ ಅನಿಲದ ಅಣು ಹೊಕ್ಕರೆ ಸಲೀಸಾಗಿ ಈಚೆ ಬಾರದಷ್ಟು ಇಕ್ಕಟ್ಟು. ಒಳ್ಳೆಯ ಚಿಪ್ಪಿನ ಇದ್ದಿಲಿನ ಒಂದು ಗ್ರಾಂ ಒಳಗೆ ಎಲ್ಲ ರಂಧ್ರದ ಗೋಡೆಗಳನ್ನೂ ಹರಡಿದರೆ ಸಾವಿರ ಚದರ ಮೀಟರ್ ಆಸುಪಾಸು ಬರುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಹತ್ತು ಹನ್ನೆರಡು ತೆಂಗು ಹಾಕುವಷ್ಟು ನೆಲ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ಇದೇ ಇದ್ದಿಲು ಬೇಕೆಂದು ಅಮೆರಿಕದಲ್ಲಿ ಮನೆಮನೆಯಿಂದ ಹಣ್ಣಿನ ಓಟೆ, ತೆಂಗಿನ ಚಿಪ್ಪು ಒಟ್ಟುಮಾಡಿದ್ದರು. ಈಗ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟಿಇಆರ್ ಎಂಬ ಸಮ್ಮಿಳನ ಸ್ಥಾವರದಲ್ಲಿ ಭಾರಿ ಅತಿವಾಹಕ ಅಯಸ್ಕಾಂತಗಳಿವೆ. ಅಲ್ಲಿ ನಿರ್ವಾತ ಕಾಯುವ ಕ್ರಯೋಪಂಪುಗಳ ತಟ್ಟೆಗಳಿಗೆ ಅಂಟಿಸುವುದೂ ತೆಂಗಿನ ಚಿಪ್ಪಿನ ಇದ್ದಿಲನ್ನೇ. ಅದು ಇಂಡೊನೇಷ್ಯಾದ ಕಾಯಿಯದು, ನಮ್ಮದಲ್ಲ. ಹೊಟ್ಟೆಕಿಚ್ಚು ಪಡಬೇಕಾದ ಜಾಗ ಇದು.

ಇನ್ನು ಲೈಡನ್. ಹಾಲೆಂಡಿನ ಆ ಊರಿನಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ 1908ರ ಜುಲೈ 10ರಂದು ಹೀಲಿಯಂ ಅನಿಲವನ್ನು ಮೊತ್ತಮೊದಲು ದ್ರವ ಮಾಡಿದರು. ಸಿಕ್ಕಿದ್ದು ಸುಮಾರು 60 ಮಿಲಿಲೀಟರ್, ಒಂದು ಸಣ್ಣ ಕಾಫಿ ಲೋಟ. ಅದು ಕುದಿಯುವುದು 4.2 ಕೆಲ್ವಿನ್ನಿನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹೀಲಿಯಂ ಅನಿಲ ತೆಗೆದದ್ದು ಅಮೆರಿಕದ ನಾರ್ತ್ ಕೆರೊಲಿನಾದಿಂದ ತರಿಸಿದ ಮೊನಜೈಟ್ ಮರಳನ್ನು ಕಾಯಿಸಿ. ಅದನ್ನು ಶುದ್ಧಮಾಡಲು ತಣಿಸಿದ ಇದ್ದಿಲಿನ ಮೇಲೆ ಹಾಯಿಸಿದರು. ಮರುವರ್ಷ, 1909ರಲ್ಲಿ, ಷೊಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡ ಮರಳಿನಲ್ಲಿ ಅದೇ ಮೊನಜೈಟನ್ನು ಕಂಡ. ಒಂದು ವರ್ಷ ಮೊದಲೇ ಗೊತ್ತಾಗಿದ್ದರೆ ಮೊದಲ ದ್ರವ ಹೀಲಿಯಂ ಕೇರಳದ ಕರಾವಳಿಯದೇ ಆಗಬಹುದಿತ್ತೋ ಏನೋ.

ಓನ್ನೆಸ್‌ರನ್ನು ನಾನು ಮೆಚ್ಚುವುದು ಆ 60 ಮಿಲಿಲೀಟರಿಗಲ್ಲ. ಅವರು 1901ರಲ್ಲೇ ಉಪಕರಣ ಮಾಡುವ ಹುಡುಗರಿಗೆಂದು ಲ್ಯಾಬಿಗೆ ಸೇರಿದಂತೆ ಒಂದು ಶಾಲೆ ತೆರೆಸಿದರು. ಗಾಜು ಊದುವುದು, ಲೇತ್ ಹಿಡಿಯುವುದು, ಬೆಸುಗೆ, ಪಂಪು. ನೀಲಿ ನಿಲುವಂಗಿ ತೊಡುತ್ತಿದ್ದ ಆ ಹುಡುಗರನ್ನು ಊರಿನವರು ನೀಲಿ ಹುಡುಗರು ಅಂತಲೇ ಕರೆಯುತ್ತಿದ್ದರು. ಗಾಜು ಊದುವ ಓಸ್ಕರ್ ಕೆಸೆಲ್‌ರಿಂಗ್, ಯಂತ್ರ ನೋಡಿಕೊಳ್ಳುವ ಗೆರಿಟ್ ಫ್ಲಿಮ್ ಇಲ್ಲದೆ ಲೈಡನ್ನಿನಲ್ಲಿ ಒಂದು ಹನಿ ಹೀಲಿಯಮ್ಮೂ ಇಳಿಯುತ್ತಿರಲಿಲ್ಲ. ನಮ್ಮ ದೇಶದಲ್ಲಿ ಪ್ರೊಫೆಸರುಗಳನ್ನು ಬೆಳೆಸಲು ಪಟ್ಟ ಶ್ರಮದ ಕಾಲುಭಾಗವನ್ನು ಇಂಥ ಕೈಗಳನ್ನು ಬೆಳೆಸಲು ಪಟ್ಟಿದ್ದರೆ ಚೆನ್ನಾಗಿತ್ತು ಅನ್ನುವುದು ನನ್ನ ಹಳೆಯ ಗೊಣಗಾಟ.

1911ರ ಏಪ್ರಿಲ್ 8. ಆಗ ಇದ್ದ ಪ್ರಶ್ನೆ ಒಂದೇ: ಲೋಹವನ್ನು ತಣಿಸುತ್ತಾ ಹೋದರೆ ಅದರ ರೋಧ, ಅಂದರೆ ವಿದ್ಯುತ್ತಿಗೆ ಅದು ಮಾಡುವ ಅಡ್ಡಿ, ಎಲ್ಲಿಗೆ ಹೋಗುತ್ತದೆ? ಎಲೆಕ್ಟ್ರಾನುಗಳೇ ಹೆಪ್ಪುಗಟ್ಟಿ ರೋಧ ವಿಪರೀತ ಏರೀತು ಅಂತ ಲಾರ್ಡ್ ಕೆಲ್ವಿನ್ ಊಹೆ. ಮೆಲ್ಲಗೆ ಸೊನ್ನೆಯತ್ತ ಇಳಿದೀತು ಅಂತ ಡ್ಯೂವರ್ ಪಕ್ಷ. ಓನ್ನೆಸ್ ಪಾದರಸ ಆರಿಸಿಕೊಂಡರು, ಯಾಕೆಂದರೆ ಅದನ್ನು ಮತ್ತೆಮತ್ತೆ ಬಟ್ಟಿ ಇಳಿಸಿ ಬಲು ಶುದ್ಧ ಮಾಡಬಹುದು. ಪಾದರಸವನ್ನು ಗಾಜಿನ ಸಣ್ಣ ನಳಿಗೆಯಲ್ಲಿ ತುಂಬಿ ಗಟ್ಟಿಯಾಗಿಸಿ ತಂತಿ ಮಾಡಿದರು. ಫ್ಲಿಮ್ ಹೀಲಿಯಂ ಕಡೆ, ಡಾರ್ಸ್‌ಮನ್ ಉಷ್ಣತೆಯ ಕಡೆ. ಗಿಲ್ಲೆಸ್ ಹೋಲ್ಸ್ಟ್ ಎಂಬ ತರುಣ ಗ್ಯಾಲ್ವನೋಮೀಟರ್ ಮುಂದೆ. ಆ ಗ್ಯಾಲ್ವನೋಮೀಟರ್ ಇದ್ದದ್ದು ಸುಮಾರು 50 ಮೀಟರ್ ಆಚೆಯ ಕತ್ತಲ ಕೋಣೆಯಲ್ಲಿ. ಪಂಪಿನ ಅದುರಿಗೆ ಅದರ ಬೆಳಕಿನ ಚುಕ್ಕೆ ಕುಣಿಯಬಾರದಲ್ಲ. ಮಧ್ಯಾಹ್ನ ಪಾದರಸದ ರೋಧ ಹೆಚ್ಚುಕಡಿಮೆ ಸೊನ್ನೆ ಅಂತ ಓನ್ನೆಸ್ ತಮ್ಮ ಪುಸ್ತಕದಲ್ಲಿ ಸೀಸದಕಡ್ಡಿಯಲ್ಲಿ ಬರೆದುಕೊಂಡರು. ಅಕ್ಟೋಬರಿನಲ್ಲಿ ಎಚ್ಚರದಿಂದ ಇನ್ನೊಮ್ಮೆ ಅಳೆದಾಗ, 4.2 ಕೆಲ್ವಿನ್ ಹತ್ತಿರ ಡಿಗ್ರಿಯ ನೂರನೇ ಒಂದು ಭಾಗದೊಳಗೆ, 0.1 ಓಮ್‌ನಷ್ಟಿದ್ದ ರೋಧ ಓಮ್‌ನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕೆಳಗೆ ಕುಸಿದು ಬಿದ್ದಿತು. ಇಳಿಜಾರಲ್ಲ, ಬಾವಿ.

ಈ ಕಥೆಗೆ ಒಂದು ಬಾಲ ಅಂಟಿದೆ: ಹೀಲಿಯಂ ಕಾಯುತ್ತಿದ್ದ ಹುಡುಗ ತೂಕಡಿಸಿದ, ಉಷ್ಣತೆ ಏರಿತು, ಅದರಿಂದ ಸತ್ಯ ಬಯಲಾಯಿತು ಅಂತ. ಡಿರ್ಕ್ ಫಾನ್ ಡೆಲ್ಫ್ಟ್ ಮತ್ತು ಪೀಟರ್ ಕೆಸ್ 2010ರಲ್ಲಿ ಲೈಡನ್ನಿನ ಮೂಲ ಪುಸ್ತಕಗಳನ್ನು ತೆರೆದು ಓದಿದರು. ಅಲ್ಲಿ ತೂಕಡಿಸಿದವರು ಯಾರೂ ಇಲ್ಲ. ಕೆಲಸದವನ ನಿದ್ದೆಯಿಂದ ಆವಿಷ್ಕಾರ ಆಯಿತು ಅಂದರೆ ಕೇಳುವವರಿಗೆ ಖುಷಿ, ಎಚ್ಚರವಾಗಿದ್ದು ಅಳೆದ ಅಂದರೆ ಸಪ್ಪೆ. ಪೇಪರಿನಲ್ಲಿ ಹೋಲ್ಸ್ಟ್ ಹೆಸರು ಲೇಖಕರ ಸಾಲಿನಲ್ಲಿ ಬರಲೇ ಇಲ್ಲ. ನೊಬೆಲ್ ಓನ್ನೆಸ್‌ರಿಗೆ 1913ರಲ್ಲಿ ಬಂತು.

ಇಲ್ಲಿ ನಾಲ್ಕು ತಂತಿಯ ವಿಷಯ ಹೇಳಲೇಬೇಕು, ಯಾಕೆಂದರೆ ಇಡೀ ವಿದ್ಯೆ ನಿಂತಿರುವುದು ಅದರ ಮೇಲೆ. ಮನೆಯಲ್ಲಿ ಮೋಟರ್ ರಿಪೇರಿಯವನು ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸಿ ರೋಧ ನೋಡುತ್ತಾನೆ. ಆ ಎರಡು ತಂತಿಗೂ, ಮುಟ್ಟಿದ ಜಾಗಕ್ಕೂ ತಮ್ಮದೇ ರೋಧ ಇರುತ್ತದೆ. ಪಂಪ್‌ಸೆಟ್ಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅಳೆಯಬೇಕಾದ್ದೇ ಸೊನ್ನೆಯಾದಾಗ ಕಡ್ಡಿಯ ರೋಧವೇ ಎಲ್ಲವನ್ನೂ ನುಂಗುತ್ತದೆ. ಅದಕ್ಕೇ ಎರಡು ತಂತಿಯಲ್ಲಿ ವಿದ್ಯುತ್ ಕಳಿಸುವುದು, ಒಳಮೈಯಲ್ಲಿ ಬೇರೆ ಎರಡು ತಂತಿ ಹಚ್ಚಿ ವೋಲ್ಟೇಜು ನೋಡುವುದು. ವೋಲ್ಟೇಜಿನ ತಂತಿಯಲ್ಲಿ ವಿದ್ಯುತ್ತೇ ಹರಿಯದ ಕಾರಣ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ.

ಕೇಳಲು ಸುಲಭ. ಮಾಡುವಾಗ ಸ್ಯಾಂಪಲ್ಲು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ಬೆಳ್ಳಿ ಬಣ್ಣದ ನಾಲ್ಕು ಚುಕ್ಕೆ, ಒಂದಕ್ಕೊಂದು ಸೋಕದ ಹಾಗೆ. ಚುಕ್ಕೆ ಒಣಗುವ ಮುಂಚೆ ಕೂದಲಿಗಿಂತ ಸಣ್ಣ ಚಿನ್ನದ ತಂತಿಯನ್ನು ಚಿಮಟದಲ್ಲಿ ಹಿಡಿದು ಮಲಗಿಸಬೇಕು. ಉಸಿರು ಬಿಟ್ಟರೆ ತಂತಿ ಹಾರಿಹೋಗುತ್ತದೆ. ಸ್ಯಾಂಪಲ್ಲಿನ ಕೆಳಗಿನ ತಾಮ್ರಕ್ಕೆ ಉಷ್ಣ ತಾಗಬೇಕು, ವಿದ್ಯುತ್ ತಾಗಕೂಡದು. ಅದಕ್ಕೆ ನಡುವೆ ಸಿಗರೇಟು ಸುತ್ತುವ ತೆಳು ಕಾಗದ ಇಟ್ಟು ವಾರ್ನಿಷಿನಲ್ಲಿ ತೋಯಿಸುತ್ತೇವೆ. ಪ್ರಪಂಚದ ದೊಡ್ಡದೊಡ್ಡ ಲ್ಯಾಬುಗಳಲ್ಲೂ ಇದೇ ಪದ್ಧತಿ. ಯಶವಂತಪುರದ ಪೆಟ್ಟಿಗೆ ಅಂಗಡಿಯವನಿಗೆ ಮಾತ್ರ ಇದನ್ನು ನಂಬಿಸಲು ನನಗೆ ಕೊನೆಗೂ ಆಗಲಿಲ್ಲ. ಬೀಡಿ ಸಿಗರೇಟು ಮುಟ್ಟದ ಈ ಲಿಂಗಾಯತರ ಮನುಷ್ಯ ಸುತ್ತುವ ಕಾಗದ ಮಾತ್ರ ಯಾಕೆ ಕೊಳ್ಳುತ್ತಾನೆ ಅಂತ ಅವನ ನೋಟದಲ್ಲೇ ಇರುತ್ತಿತ್ತು.

ಆಮೇಲೆ ತಂತಿಗಳು ಕೆಳಗಿನ ಚಳಿಯಿಂದ ಮೇಲಿನ ಬೆಂಗಳೂರಿನ ಸೆಕೆಗೆ ಬರಬೇಕು. ದಪ್ಪ ತಾಮ್ರ ಹಾಕಿದರೆ ಅದರ ಗುಂಟ ಶಾಖ ಇಳಿಯುತ್ತದೆ. ಒಂದು ವಾಟ್ ಶಾಖ ಸಾಕು, ಗಂಟೆಗೆ 1.4 ಲೀಟರ್ ದ್ರವ ಹೀಲಿಯಂ ಕುದಿದು ಹೋಗಲು. ಆದ್ದರಿಂದ ಶಾಖ ಒಯ್ಯದ ಮ್ಯಾಂಗನಿನ್ ತಂತಿ. ತಂತಿಯ ಒಂದು ತುದಿ ತಣ್ಣಗೆ, ಒಂದು ತುದಿ ಬೆಚ್ಚಗೆ ಇದ್ದರೆ ಅದರಲ್ಲೇ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ, ಅದು ನಮ್ಮ ಸೊನ್ನೆಯನ್ನು ಕೆಡಿಸುತ್ತದೆ. ಇದಕ್ಕೂ ಹಳೆಯ ಮದ್ದಿದೆ: ವಿದ್ಯುತ್ತನ್ನು ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಕಳಿಸಿ ಎರಡನ್ನೂ ಓದು, ದಿಕ್ಕು ಬದಲಿಸಿದರೂ ಬದಲಾಗದೆ ಉಳಿದದ್ದು ತಂತಿಯ ಕಳ್ಳಲೆಕ್ಕ, ಅದನ್ನು ಕಳೆ. ಇದನ್ನು ಮಾಡದೆ ತಂದ ಗ್ರಾಫನ್ನು ನಮ್ಮ ಸಾಹೇಬರು ನೋಡುತ್ತಲೂ ಇರಲಿಲ್ಲ.

ಲೈಡನ್ನಿನವರು ಸೊನ್ನೆಯನ್ನು ಇನ್ನೊಂದು ರೀತಿಯಲ್ಲೂ ಪರೀಕ್ಷಿಸಿದರು. 1914ರಲ್ಲಿ ಓನ್ನೆಸ್ ಸೀಸದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸಿ, ಬ್ಯಾಟರಿ ಇಲ್ಲದೆ ಅದು ತಾನೇ ಸುತ್ತುತ್ತಿರುವುದನ್ನು ದಿಕ್ಸೂಚಿಯ ಮುಳ್ಳಿನಿಂದ ತೋರಿಸಿದರು. 1932ರಲ್ಲಿ ಅದೇ ಗೆರಿಟ್ ಫ್ಲಿಮ್ ಹೀಲಿಯಂ ಫ್ಲಾಸ್ಕಿನೊಳಗೆ ಸುಮಾರು 200 ಆಂಪಿಯರ್ ಸುತ್ತುತ್ತಿದ್ದ ಸೀಸದ ಉಂಗುರವನ್ನು ವಿಮಾನದಲ್ಲಿ ಇಟ್ಟುಕೊಂಡು ಲಂಡನ್ನಿಗೆ ಹೋದ, ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭೆಗೆ ತೋರಿಸಲು. ತೊಡೆಯ ಮೇಲೆ ಕುದಿಯುವ ಹೀಲಿಯಂ ಇಟ್ಟುಕೊಂಡು ಕಡಲು ದಾಟಿದ ಆ ಮೆಕ್ಯಾನಿಕ್ಕಿಗೆ ನನ್ನ ನಮಸ್ಕಾರ.

22 ವರ್ಷ ಎಲ್ಲರೂ ಅತಿವಾಹಕ ಅಂದರೆ ರೋಧ ಇಲ್ಲದ ಲೋಹ, ಅಷ್ಟೇ ಅಂದುಕೊಂಡಿದ್ದರು. 1933ರಲ್ಲಿ ಬರ್ಲಿನ್ನಿನ ವಾಲ್ಥರ್ ಮೈಸ್ನರ್ ಮತ್ತು ರಾಬರ್ಟ್ ಓಕ್ಸೆನ್‌ಫೆಲ್ಡ್ ಅದನ್ನು ತಲೆಕೆಳಗು ಮಾಡಿದರು. ಅವರು ತವರದ ಕಂಬಿಗಳನ್ನು ಕಾಂತಕ್ಷೇತ್ರದಲ್ಲಿ ಇಟ್ಟು ತಣಿಸಿದರು, ಪಕ್ಕದಲ್ಲಿ ಸಣ್ಣ ತಂತಿಸುರುಳಿ ಇಟ್ಟು ಕ್ಷೇತ್ರ ಅಳೆದರು. ಬರೀ ರೋಧವಿಲ್ಲದ ಲೋಹವಾದರೆ ಒಳಗೆ ಮೊದಲೇ ಹೊಕ್ಕಿದ್ದ ಕಾಂತಕ್ಷೇತ್ರ ಅಲ್ಲೇ ಸಿಕ್ಕಿಹಾಕಿಕೊಳ್ಳಬೇಕು. ಇಲ್ಲಿ ತವರ ಅದನ್ನು ಹೊರಗೆ ನೂಕಿತು. ಅಂದಿನಿಂದ ಅತಿವಾಹಕ ಅನ್ನಿಸಿಕೊಳ್ಳಲು ಎರಡು ಪರೀಕ್ಷೆ ಪಾಸಾಗಬೇಕು: ರೋಧ ಸೊನ್ನೆ, ಕಾಂತಕ್ಷೇತ್ರ ಹೊರಕ್ಕೆ.

ಎರಡನೆಯದು ಯಾಕೆ ಬೇಕು ಅಂದರೆ, ರೋಧದ ಪರೀಕ್ಷೆ ಮೋಸ ಹೋಗುತ್ತದೆ. ಒಂದು ಬಿಲ್ಲೆಯಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಅತಿವಾಹಕವಿದ್ದು, ಅದು ಎಳೆಯ ಹಾಗೆ ಈ ತುದಿಯಿಂದ ಆ ತುದಿಗೆ ಹಬ್ಬಿದ್ದರೂ ಸಾಕು, ವಿದ್ಯುತ್ ಆ ಎಳೆಯಲ್ಲೇ ಹರಿದು ಮೀಟರ್ ಸೊನ್ನೆ ತೋರಿಸುತ್ತದೆ. ಬಾಯಿ ಬಿಚ್ಚಿದ ಮೂಟೆಯ ಮೇಲಿನ ಕೊಬ್ಬರಿ ನೋಡಿ ಇಡೀ ಮೂಟೆಗೆ ದರ ಕೂಗಿದ ಹಾಗೆ. ತಿಪಟೂರಿನ ವರ್ತಕ ಹಾಗೆ ಮಾಡುವುದಿಲ್ಲ, ತಳದವರೆಗೆ ಕೈ ಹಾಕುತ್ತಾನೆ. ತಳಕ್ಕೆ ಕೈ ಹಾಕುವ ಕೆಲಸ ಕಾಂತೀಯ ಅಳತೆಯದು. ಒಂದು ದೊಡ್ಡ ಸುರುಳಿ, ಒಳಗೆ ತಿರುವುಮುರುವು ಸುತ್ತಿದ ಎರಡು ಸಣ್ಣ ಸುರುಳಿ. ಸ್ಯಾಂಪಲ್ ಇಲ್ಲದಾಗ ಎರಡೂ ಒಂದನ್ನೊಂದು ಸಮ ಮಾಡಿ ಸೊನ್ನೆ. ಒಂದರಲ್ಲಿ ಸ್ಯಾಂಪಲ್ ಇಟ್ಟು ತಣಿಸುತ್ತಾ ಬಂದರೆ, ಅದು ಕ್ಷೇತ್ರವನ್ನು ನೂಕಿದ ಗಳಿಗೆ ಸಮ ತಪ್ಪುತ್ತದೆ. ಎಷ್ಟು ತಪ್ಪಿತು ಅನ್ನುವುದರಿಂದ ಬಿಲ್ಲೆಯಲ್ಲಿ ಎಷ್ಟು ಪಾಲು ನಿಜವಾಗಿ ಅತಿವಾಹಕ ಅಂತ ಅಂದಾಜು ಸಿಗುತ್ತದೆ. 1964ರಲ್ಲಿ ಬಂದ ಸ್ಕ್ವಿಡ್ ಎಂಬ ಸಾಧನ ಈ ಅಳತೆಯನ್ನು ಊಹೆಗೂ ಮೀರಿ ಸೂಕ್ಷ್ಮ ಮಾಡಿತು. ಅದು ಸ್ವತಃ ಅತಿವಾಹಕದ ಉಂಗುರ.

ಭಾರತಕ್ಕೆ ದ್ರವ ಹೀಲಿಯಂ ಬಂದದ್ದು 1952ರಲ್ಲಿ, ಕೆ.ಎಸ್. ಕೃಷ್ಣನ್ ನಿರ್ದೇಶಕರಾಗಿದ್ದ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು ಇ.ಎಸ್. ರಾಜಗೋಪಾಲ್. ಕಡಿಮೆ ಉಷ್ಣತೆಯಲ್ಲಿ ವಸ್ತುಗಳ ವಿಶಿಷ್ಟೋಷ್ಣದ, ಅಂದರೆ ಅವನ್ನು ಒಂದು ಡಿಗ್ರಿ ಕಾಯಿಸಲು ಬೇಕಾಗುವ ಶಾಖದ, ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ 1966ರಲ್ಲಿ ಹೊರದೇಶದಲ್ಲಿ ಅಚ್ಚಾಯಿತು. ವಿಶಿಷ್ಟೋಷ್ಣ ಅತಿವಾಹಕಗಳಿಗೆ ಮೂರನೆಯ ಪರೀಕ್ಷೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಅದು ಎಳೆಗೆ ಮೋಸ ಹೋಗುವುದಿಲ್ಲ. ಇಡೀ ಬಿಲ್ಲೆ ಬದಲಾದರೆ ಮಾತ್ರ ಶಾಖದ ಲೆಕ್ಕದಲ್ಲಿ ಮೆಟ್ಟಿಲು ಕಾಣುತ್ತದೆ.

ಇನ್ನೊಬ್ಬರು ಬಿ.ಎಸ್. ಚಂದ್ರಶೇಖರ್. ಬೆಂಗಳೂರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಕಲಿತು, ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಲ್ಯಾಬಿನಲ್ಲಿದ್ದಾಗ 1962ರಲ್ಲಿ ಅವರು ಒಂದು ಪುಟ್ಟ ಟಿಪ್ಪಣಿ ಬರೆದರು. ಅತಿವಾಹಕ ಎಷ್ಟು ಕಾಂತಕ್ಷೇತ್ರ ತಾಳೀತು ಅನ್ನುವುದಕ್ಕೆ ಎಲೆಕ್ಟ್ರಾನಿನ ಗಿರಕಿಯಿಂದಲೇ ಒಂದು ಗಡಿ ಇದೆ, ಅದು ಸರಳ ಅತಿವಾಹಕಗಳಲ್ಲಿ ಪರಿವರ್ತನೆಯ ಉಷ್ಣತೆಯ ಪ್ರತಿ ಕೆಲ್ವಿನ್ನಿಗೆ ಸುಮಾರು 1.84 ಟೆಸ್ಲಾ. ಅದೇ ವರ್ಷ ಕ್ಲಾಗ್‌ಸ್ಟನ್ ಕೂಡ ಸ್ವತಂತ್ರವಾಗಿ ಅದನ್ನು ಹೇಳಿದ. ಇಂದಿಗೂ ಹೊಸ ಅತಿವಾಹಕ ಸಿಕ್ಕಿ, ಅದನ್ನು ಭಾರಿ ಅಯಸ್ಕಾಂತದೊಳಗೆ ಇಟ್ಟು ಅಳೆದವರು ಮೊದಲು ಹೋಲಿಸುವುದು ಚಂದ್ರಶೇಖರ್–ಕ್ಲಾಗ್‌ಸ್ಟನ್ ಗಡಿಗೆ. ಕನ್ನಡನಾಡಿನಲ್ಲಿ ಚಂದ್ರಶೇಖರ್ ಮಿತಿ ಅಂದರೆ ಎಲ್ಲರಿಗೂ ನಕ್ಷತ್ರದ್ದೇ ನೆನಪಾಗುತ್ತದೆ. ನಮ್ಮವರ ಈ ಇನ್ನೊಂದು ಮಿತಿಯನ್ನು ಪಠ್ಯದಲ್ಲಿ ಯಾರೂ ಹೇಳುವುದಿಲ್ಲ.

1986ರ ತನಕ ಈ ವಿದ್ಯೆ ಹೀಲಿಯಂ ಇದ್ದವರ ಮನೆಯ ಸ್ವತ್ತು. ಹೀಲಿಯಂ ದುಬಾರಿ, ಹೊರಗಿನಿಂದ ಬರಬೇಕು. ಕುದಿದು ಹೋದದ್ದನ್ನು ರಬ್ಬರ್ ಬಟ್ಟೆಯ ದೊಡ್ಡ ಚೀಲದಲ್ಲಿ ಹಿಡಿದು, ಮತ್ತೆ ಒತ್ತಿ, ದ್ರವ ನೈಟ್ರೋಜನ್ನಿನಲ್ಲಿ ತಣಿಸಿದ ಇದ್ದಿಲಿನ ಮೇಲೆ ಹಾಯಿಸಿ ಬೆರಕೆ ತೆಗೆದು, ಪುನಃ ದ್ರವ ಮಾಡುತ್ತಿದ್ದೆವು. ಚೀಲ ಸೋರಿದರೆ ಅವತ್ತು ಊಟ ಸೇರುತ್ತಿರಲಿಲ್ಲ. 1986ರಲ್ಲಿ ಜೂರಿಕ್‌ನ ಐಬಿಎಂ ಲ್ಯಾಬಿನ ಬೆಡ್ನೋರ್ಜ್ ಮತ್ತು ಮ್ಯೂಲರ್, ಬೇರಿಯಂ ಬೆರೆಸಿದ ಲ್ಯಾಂಥನಂ–ತಾಮ್ರದ ಆಕ್ಸೈಡ್ 30 ಕೆಲ್ವಿನ್ ಆಸುಪಾಸಿನಲ್ಲೇ ಅತಿವಾಹಕವಾಗುವಂತೆ ಕಾಣುತ್ತದೆ ಅಂದರು. ಅವರ ಬಳಿ ಆಗ ಇದ್ದದ್ದು ರೋಧದ ಅಳತೆ ಮಾತ್ರ. ಕಾಂತೀಯ ಪರೀಕ್ಷೆ ಆಗಿರಲಿಲ್ಲ. ಹಾಗಾಗಿ ಪೇಪರಿನ ತಲೆಬರಹದಲ್ಲೇ ಇದು ಸಾಧ್ಯತೆ ಅಂತ ಹೇಳಿಕೊಂಡರು. ಈ ಸಂಕೋಚ ನನಗೆ ಬಹಳ ಇಷ್ಟ.

ಆ ಜಾತಿಯ ಲ್ಯಾಂಥನಂ ಆಕ್ಸೈಡುಗಳು ಬೆಂಗಳೂರಿಗೆ ಹೊಸದಾಗಿರಲಿಲ್ಲ. ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ 1970ರ ದಶಕದಲ್ಲೇ ಅವುಗಳ ವಿದ್ಯುತ್ ಗುಣಗಳನ್ನು ಅಳೆದಿದ್ದರು. ಶುದ್ಧ ರೂಪದಲ್ಲಿ ಅವು ಅತಿವಾಹಕಗಳಲ್ಲ, ಬೇರಿಯಮ್ಮೋ ಸ್ಟ್ರಾಂಷಿಯಮ್ಮೋ ಬೆರೆಸಬೇಕಿತ್ತು. 1987ರ ಆರಂಭದಲ್ಲಿ ಪಾಲ್ ಚು ಮತ್ತು ಸಂಗಡಿಗರು ಅಮೆರಿಕದಲ್ಲಿ ಯಿಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡನ್ನು 90 ಕೆಲ್ವಿನ್ ದಾಟಿಸಿದರು. ಅವರ ಬಿಲ್ಲೆ ಹಸಿರು ಕಪ್ಪು ಬೆರೆತ ಮಿಶ್ರಣ. ಅದರಲ್ಲಿ ಯಾವುದು ಅತಿವಾಹಕ? ಜಗತ್ತಿನ ಹಲವು ಲ್ಯಾಬುಗಳು ಒಂದೇ ಪ್ರಶ್ನೆಯ ಹಿಂದೆ ಓಡಿದವು. ಹಸಿರು ಅವಾಹಕ, ಕಪ್ಪಿನಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರ 1–2–3 ಪ್ರಮಾಣದಲ್ಲಿವೆ, ಅದೇ ಅಸಲಿ. ಬೆಂಗಳೂರಿನಿಂದ ರಾವ್, ಗಂಗೂಲಿ, ಎ.ಕೆ. ರಾಯ್‌ಚೌಧುರಿ, ಮೋಹನ್ ರಾಮ್, ಶ್ರೀಧರ್ ಬರೆದ ಪೇಪರು ಆ ವರ್ಷದ ಏಪ್ರಿಲಿನಲ್ಲೇ ನೇಚರ್ ಪತ್ರಿಕೆಯಲ್ಲಿ ಬಂತು.

ಆ ದಿನಗಳ ಗದ್ದಲ ಈಗಿನ ಹುಡುಗರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಮೂರು ಪುಡಿಗಳನ್ನು ಅಗೇಟ್ ಕಲ್ಲಿನ ಒರಳಿನಲ್ಲಿ ಅರೆದೂ ಅರೆದೂ ಹುಡುಗರ ಮಣಿಕಟ್ಟು ಊದಿಕೊಳ್ಳುತ್ತಿತ್ತು. 900 ಡಿಗ್ರಿ ಮೇಲೆ ಸುಡು, ಅರೆ, ಬಿಲ್ಲೆ ಒತ್ತು, ಮತ್ತೆ ಸುಡು, ಆಮ್ಲಜನಕ ಹಾಯಿಸುತ್ತಾ ನಿಧಾನ ಆರಿಸು. ಆರಿಸುವಾಗ ಆತುರಪಟ್ಟರೆ ಆಮ್ಲಜನಕ ಸಾಲದೆ ಬಿಲ್ಲೆ ಸತ್ತಂತೆ. ಮುಖ್ಯ ಬದಲಾವಣೆ ಬೇರೆಯೇ: ಇನ್ನು ಹೀಲಿಯಂ ಬೇಡ, 77 ಕೆಲ್ವಿನ್ನಿನ ದ್ರವ ನೈಟ್ರೋಜನ್ ಸಾಕು. ಅದು ನಮ್ಮ ತಾಲ್ಲೂಕಿಗೆ ಅಪರಿಚಿತವೇನಲ್ಲ. ಹಸುವಿನ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ, ಪಶು ಆಸ್ಪತ್ರೆಯ ಮೂಲೆಯಲ್ಲಿ ಕೂತ ಅಲ್ಯುಮಿನಿಯಂ ಕ್ಯಾನಿನಲ್ಲಿ ಇರುವುದು ಅದೇ ನೈಟ್ರೋಜನ್. ಆ ಕ್ಯಾನಿನ ಎರಡು ಗೋಡೆಗಳ ನಡುವೆ ನಿರ್ವಾತ ವರ್ಷಗಟ್ಟಲೆ ಕೆಡದಂತೆ ಕಾಯಲು ಇದ್ದಿಲೋ ಅದೇ ಕೆಲಸದ ಬೇರೆ ಹರಳೋ ಕೂಡಿಟ್ಟಿರುತ್ತಾರೆ. ಡ್ಯೂವರನ ಉಪಾಯ ಹೀಗೆ ಕೊಟ್ಟಿಗೆಯವರೆಗೂ ಬಂದಿದೆ. 1987ರ ನಂತರ ತಾಲ್ಲೂಕು ಮಟ್ಟದ ಕಾಲೇಜಿಗೂ ಈ ವಿದ್ಯೆ ಎಟುಕುವಂತಾಯಿತು: ಕಪ್ಪು ಬಿಲ್ಲೆಯ ಮೇಲೆ ಪುಟ್ಟ ಅಯಸ್ಕಾಂತ ತೇಲಿಸಬಹುದು, ನಾಲ್ಕು ತಂತಿ ಹಾಕಿ ರೋಧ ಬೀಳುವುದನ್ನು ವಿದ್ಯಾರ್ಥಿಯ ಕೈಯಲ್ಲೇ ಬರೆಸಬಹುದು.

ಬರಬರುತ್ತ ಹೀಲಿಯಂ ಸುರಿಯುವ ಕೆಲಸವೂ ತಗ್ಗಿತು. ಕರೆಂಟಿನಿಂದಲೇ ತಣಿಸುವ ಯಂತ್ರ ಬಂತು. ಬೆಳಿಗ್ಗೆ ಸ್ಯಾಂಪಲ್ ಇಟ್ಟರೆ ಸಂಜೆ ಕಂಪ್ಯೂಟರಿನಲ್ಲಿ ಫೈಲು. ಒಳ್ಳೆಯದೇ ಆಯಿತು. ಆದರೆ ಮುಳ್ಳು ಅಲುಗಾಡುವುದನ್ನು ಕಣ್ಣಾರೆ ನೋಡಿ ಬರೆದವನಿಗೆ ಗದ್ದಲದ, ಅಂದರೆ ಅಳತೆಯಲ್ಲಿ ತಾನಾಗಿ ಬೆರೆಯುವ ಅಡ್ಡಾದಿಡ್ಡಿ ಏರಿಳಿತದ, ಗುರುತಿರುತ್ತದೆ, ಫೈಲು ನೋಡಿದವನಿಗೆ ಇರುವುದಿಲ್ಲ.

2018ರ ಜುಲೈನಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ, ಚಿನ್ನದೊಳಗೆ ಬೆಳ್ಳಿಯ ಸೂಕ್ಷ್ಮ ಕಣಗಳಿರುವ ವಸ್ತು 236 ಕೆಲ್ವಿನ್ನಿನಲ್ಲಿ, ಅಂದರೆ ಸೊನ್ನೆಗಿಂತ 37 ಡಿಗ್ರಿ ಕೆಳಗೇ ಅತಿವಾಹಕವಾಗುವ ಸಾಕ್ಷ್ಯವಿದೆ ಅಂತ ಅಂತರಜಾಲದಲ್ಲಿ ಪೇಪರ್ ಹಾಕಿದರು. ಕೆಲವೇ ವಾರಗಳಲ್ಲಿ ಎಂಐಟಿಯ ಬ್ರಯಾನ್ ಸ್ಕಿನ್ನರ್ ಒಂದು ವಿಷಯ ಎತ್ತಿದ: ಬೇರೆಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಎರಡು ಗೆರೆಗಳಲ್ಲಿ ಸಣ್ಣಪುಟ್ಟ ಏರಿಳಿತಗಳು ಒಂದೇ ಅಚ್ಚಿನಲ್ಲಿವೆ. ಗದ್ದಲ ಅನ್ನುವುದು ಎರಡು ಸಲ ಒಂದೇ ಥರ ಬರುವಂಥದ್ದಲ್ಲ. 2019ರ ಮೇ ತಿಂಗಳಲ್ಲಿ ಹೆಚ್ಚು ಲೇಖಕರೊಂದಿಗೆ, ಹೆಚ್ಚಿನ ಅಳತೆಗಳೊಂದಿಗೆ ತಿದ್ದಿದ ಪೇಪರ್ ಬಂತು. ಭೌತವಿಜ್ಞಾನಿಗಳ ಬಳಗ ಆ ಹೇಳಿಕೆಯನ್ನು ಒಪ್ಪಿಕೊಂಡಿಲ್ಲ. ಯಾರ ಮೇಲೂ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಸ್ಕಿನ್ನರ್ ಗೆರೆಯನ್ನು ಬಿಟ್ಟು ಗದ್ದಲವನ್ನು ನೋಡಿದ, ಅದು ಹಳೆಯ ಟೆಕ್ನೀಷಿಯನ್ನನ ಕಣ್ಣು.

2023ರ ಜುಲೈನಲ್ಲಿ, ತಣಿಸದೆಯೇ ಅತಿವಾಹಕವಾಗುತ್ತದೆ ಅಂತ ಸುದ್ದಿಯಾದ ಕೊರಿಯಾದವರ ಎಲ್‌ಕೆ–99 ಬಂದಾಗ ನಮ್ಮಣ್ಣನ ಮಗ ತಿಪಟೂರಿನಿಂದ ಒಂದು ವಿಡಿಯೊ ಕಳಿಸಿ, “ಚಿಕ್ಕಪ್ಪಾ, ಇದು ನಿಜಾನಾ? ಐಸೂ ಬೇಡ್ವಂತೆ, ಎಂಥದ್ದೂ ಬೇಡ್ವಂತೆ” ಅಂದ. ಬಿಲ್ಲೆಯ ಒಂದು ಅಂಚು ಮೇಲೆದ್ದಿತ್ತು, ಇನ್ನೊಂದು ಅಂಚು ಅಯಸ್ಕಾಂತಕ್ಕೆ ತಗುಲಿಕೊಂಡೇ ಇತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ವಿ.ಪಿ.ಎಸ್. ಅವಾನ ಅವರ ತಂಡ ಅದನ್ನು ತಾವೇ ತಯಾರಿಸಿ ಅಳೆದು, ಅದೇ ತಿಂಗಳ ಕೊನೆಗೆ ಇಲ್ಲಿ ಅತಿವಾಹಕತೆ ಕಾಣಲಿಲ್ಲ ಅಂತ ಹೇಳಿತು. ಆಗಸ್ಟಿನಲ್ಲಿ, ಕೊರಿಯಾದವರು ಕಂಡಿದ್ದ ರೋಧದ ಕುಸಿತಕ್ಕೆ ಬಿಲ್ಲೆಯಲ್ಲಿ ಬೆರಕೆಯಾಗಿದ್ದ ತಾಮ್ರದ ಸಲ್ಫೈಡ್ ಕಾರಣ ಅಂತ ಬೇರೆಯವರು ತೋರಿಸಿದರು. ಕಾಯಿಸಿದಾಗ ಅದರ ಹರಳಿನ ರಚನೆಯೇ ಬದಲಾಗುತ್ತದೆ, ಜೊತೆಗೆ ರೋಧವೂ. ಹುಡುಗನಿಗೆ ನಾನು ಅವತ್ತು ಬರೆದದ್ದು ಇಷ್ಟು: ರೋಧ ಬಿತ್ತು ಅಂದಿದ್ದಾರೆ, ಎಲ್ಲಿಯವರೆಗೆ ಬಿತ್ತು, ಆ ಮೀಟರ್ ಎಷ್ಟು ಸಣ್ಣದನ್ನು ಓದಬಲ್ಲದು ಅಂತ ನೋಡು. ಕಾಂತಕ್ಷೇತ್ರದೊಳಗೇ ಇಟ್ಟು ತಣಿಸಿದ ಗೆರೆಯೂ, ಕ್ಷೇತ್ರವಿಲ್ಲದೆ ತಣಿಸಿ ಆಮೇಲೆ ಕ್ಷೇತ್ರ ಕೊಟ್ಟ ಗೆರೆಯೂ ಎರಡೂ ಇವೆಯಾ ನೋಡು. ಇನ್ನೊಬ್ಬರ ಊರಿನಲ್ಲಿ, ಇನ್ನೊಬ್ಬರ ಕೈಯಲ್ಲಿ ಮಾಡಿದ ಬಿಲ್ಲೆಯಲ್ಲೂ ಹಾಗೇ ಬಂತಾ ನೋಡು. ಮೂರೂ ಇದ್ದರೆ ಫೋನ್ ಮಾಡು, ನಾನೇ ತಿಪಟೂರಿಗೆ ಬರುತ್ತೇನೆ.